ಅಕ್ಕನನ್ನು ಕೇಳದೆ ಕಟ್ಟಿದ ಒಲೆ

ಈಗ ನನ್ನ ಕಾಫಿ ಲೋಟದ ಕೆಳಗೆ ಒಂದು ನೀಲಿ ಟೈಲ್ಸ್ ಇದೆ. ಹಿತ್ತಿಲಿನ ತೊಟ್ಟಿಗೆ ಹಾಕಿಸಿ ಮಿಕ್ಕ ನಾಲ್ಕರಲ್ಲಿ ಇದೊಂದು. ಎರಡನೆಯದರ ಮೇಲೆ ನನ್ನ ಹೆಂಡತಿ ಕಮಲ ಸೊಳ್ಳೆಬತ್ತಿ ಇಡುತ್ತಾಳೆ. ಮೂರನೆಯದು ತುಳಸಿ ಕುಂಡದ ಅಡಿಯಲ್ಲಿದೆ. ನಾಲ್ಕನೆಯದು ಎಲ್ಲಿದೆ ಎಂದು ದಯವಿಟ್ಟು ಕೇಳಬೇಡಿ, ಆ ವಿಷಯದಲ್ಲಿ ನಮ್ಮ ಮನೆಯಲ್ಲಿ ಇನ್ನೂ ಒಮ್ಮತವಿಲ್ಲ. ಬೆಳಗಾದರೆ ಈ ನೀಲಿಯ ಮೇಲೆ ಲೋಟ ಇಡುತ್ತೇನೆ. ಎತ್ತಿದಾಗ ದುಂಡಗೆ ಒದ್ದೆ ಗುರುತು ಉಳಿದಿರುತ್ತದೆ. ಬೆರಳಿನಲ್ಲಿ ಅದನ್ನು ಒರೆಸುವಷ್ಟರಲ್ಲಿ ಅಕ್ಕನ ನೆನಪಾಗಿ, ಉಳಿದ ಅರ್ಧ ಲೋಟ ಕಾಫಿ ಅಲ್ಲೇ ತಣ್ಣಗಾಗುತ್ತದೆ.

ನಾನು ಡ್ರಾಯಿಂಗ್ ಮೇಷ್ಟ್ರು. ಕೆಜಿಎಫ್‌ನ ಒಂದು ಶಾಲೆಯಲ್ಲಿ ಮೂವತ್ತು ವರ್ಷ ಮಕ್ಕಳ ಕೈಯಲ್ಲಿ ಬೆಟ್ಟ, ಬೆಟ್ಟದ ನಡುವೆ ಸೂರ್ಯ, ಕೆಳಗೆ ಹರಿಯುವ ನದಿ ಬರೆಸಿದವನು. ಅಂಥ ನದಿಯನ್ನು ನಾನೂ ನೋಡಿರಲಿಲ್ಲ, ಮಕ್ಕಳೂ ನೋಡಿರಲಿಲ್ಲ. ಬೆಟ್ಟ ಬರೆಯಿರಿ ಎಂದರೆ ಅವು ಚಿನ್ನದ ಗಣಿಯ ಮಣ್ಣು ಸುರಿದ ಸೈನೈಡ್ ದಿಬ್ಬ ಬರೆದು ಬೂದಿ ಬಣ್ಣ ತುಂಬುತ್ತಿದ್ದವು. ಹಸಿರು ಹಾಕ್ರೋ ಎಂದು ನಾನು ಗದರುತ್ತಿದ್ದೆ. ಈಗ ಯೋಚಿಸಿದರೆ ಮಕ್ಕಳು ಕಂಡದ್ದನ್ನು ಬರೆಯುತ್ತಿದ್ದರು, ಮೇಷ್ಟ್ರು ಕಾಣದ್ದನ್ನು ಬರೆಸುತ್ತಿದ್ದರು. ನಿವೃತ್ತನಾದ ಮೇಲೂ ನನ್ನ ಈ ಚಾಳಿ ಹೋಗಲಿಲ್ಲ. ಶಾಲೆಯಲ್ಲಿ ಅದರಿಂದ ಹಾಳಾದದ್ದು ಬರೀ ಕಾಗದ.

ನಮ್ಮ ಮನೆ ಬೂದಿಕೋಟೆಯಿಂದ ಎರಡು ಮೈಲಿ. ಹಿತ್ತಿಲಿನಲ್ಲಿ, ಪಂಪ್‌ಸೆಟ್ಟಿನ ಪಕ್ಕದಲ್ಲಿ ಅಪ್ಪ ಕಟ್ಟಿಸಿದ ನೀರಿನ ತೊಟ್ಟಿ ಇತ್ತು. ತೋಟಕ್ಕೆ ನೀರು ಹಾಯಿಸುವ ಮೊದಲು ತುಂಬಿಸಿಕೊಳ್ಳುವುದಕ್ಕೆ ಕಟ್ಟಿಸಿದ್ದು, ದೊಡ್ಡವರ ಎದೆಮಟ್ಟದ ಆಳ. ನಮಗೆ ಅದೇ ಸಮುದ್ರ. ನನಗೆ ಈಜು ಕಲಿಸಿದವಳು ಅಕ್ಕ ನಾರಾಯಣಮ್ಮ. ನನಗಿಂತ ಎಂಟು ವರ್ಷಕ್ಕೆ ದೊಡ್ಡವಳು. ಕಲಿಸಿದಳು ಎಂದರೆ ಅವಳಿಗೇನೂ ಈಜು ಬರುತ್ತಿರಲಿಲ್ಲ. ದಂಡೆಯ ಮೇಲೆ ಮೊಣಕಾಲೂರಿ ಕೂತು, ಒಂದು ಕೈಯನ್ನು ನೀರಿಗೆ ಚಾಚಿ ನನ್ನ ಹೊಟ್ಟೆಯ ಕೆಳಗೆ ಹಿಡಿಯುತ್ತಿದ್ದಳು. "ಒಟ್ಟೆ ಎತ್ತು ಕಣ್ಲಾ ಸೀನ, ಕಾಲು ಬಡಿ" ಎನ್ನುತ್ತಿದ್ದಳು. ಇನ್ನೊಂದು ಕೈಯಲ್ಲಿ ಒಗೆಯುವ ಬಟ್ಟೆ ಇರುತ್ತಿತ್ತು. ಅವಳ ಕೈ ನನ್ನ ಹೊಟ್ಟೆಯನ್ನು ಯಾವಾಗ ಬಿಟ್ಟಿತೋ ನನಗೆ ಗೊತ್ತೇ ಆಗಲಿಲ್ಲ. ತಿರುಗಿ ನೋಡಿದರೆ ಅವಳು ಎರಡೂ ಕೈಯಲ್ಲಿ ಅಪ್ಪನ ಪಂಚೆ ಹಿಂಡುತ್ತಿದ್ದಳು.

ತೊಟ್ಟಿಯ ಆಚೆ, ಹೊಂಗೆ ಮರದ ಕೆಳಗೆ ಮೂರು ಕಲ್ಲಿನ ಒಲೆ. ಮನೆಯೊಳಗಿನ ಒಲೆ ದಿನದ ಅಡುಗೆಗೆ, ಇದು ಜನ ಸೇರಿದಾಗ. ದೇವರು ಮಾಡಿದಾಗ, ಮರಿ ಕೊಯ್ದಾಗ, ಕಾಮಸಮುದ್ರದ ಕಡೆಯ ನೆಂಟರು ಬಂದಾಗ, ಹೆರಿಗೆಗೆ ಬಂದವರು ಮಗು ಎತ್ತಿಕೊಂಡು ಹೊರಡುವಾಗ, ಎಲ್ಲ ಅಲ್ಲೇ. ಅಮ್ಮನಿಗೆ ಉಬ್ಬಸ, ಹೊಗೆ ಆಗುತ್ತಿರಲಿಲ್ಲ. ಹಾಗಾಗಿ ಹನ್ನೊಂದು ವರ್ಷಕ್ಕೇ ಅಕ್ಕ ಆ ಒಲೆಯ ಮುಂದೆ ಕೂತಳು. ಎಲ್ಲರೂ ತೊಟ್ಟಿಯ ದಂಡೆಯ ಉದ್ದಕ್ಕೂ ತಟ್ಟೆ ಹಿಡಿದು ಸಾಲಾಗಿ ಕೂರುತ್ತಿದ್ದೆವು. ಅಕ್ಕ ಒಲೆಯ ಕಡೆ ಮುಖ ಮಾಡಿರುತ್ತಿದ್ದಳು. ಆ ಊಟಗಳನ್ನು ಈಗ ನೆನೆಸಿಕೊಂಡರೆ ಸಾರಿನ ಬಣ್ಣ, ಹೊಂಗೆಯ ನೆರಳು, ಚಿಕ್ಕಪ್ಪನ ಬೋಳುತಲೆ ಎಲ್ಲ ಕಣ್ಣಿಗೆ ಕಟ್ಟುತ್ತದೆ. ಅಕ್ಕನದು ಮಾತ್ರ ಬೆನ್ನು. ರವಿಕೆಯ ಬೆನ್ನಿನ ಮೇಲೆ ಬೆವರು ಹರಡಿದ ಆಕಾರವನ್ನು ನಾನು ಇವತ್ತಿಗೂ ಕಣ್ಣು ಮುಚ್ಚಿಕೊಂಡು ಬರೆಯಬಲ್ಲೆ. ಅವಳ ಆ ವಯಸ್ಸಿನ ಮುಖ ಬರಿ ಎಂದರೆ ನನ್ನ ಕೈಯಲ್ಲಿ ಆಗುವುದಿಲ್ಲ.

ಅಕ್ಕನನ್ನು ಕಾಮಸಮುದ್ರಕ್ಕೆ ಕೊಟ್ಟೆವು. ದೂರವೇನಲ್ಲ. ವರ್ಷಕ್ಕೆ ನಾಲ್ಕು ಸಲ ಬರುವಳು, ಚೀಲ ಇಟ್ಟವಳೇ ಸೆರಗು ಸಿಕ್ಕಿಸಿಕೊಂಡು ಹಿತ್ತಿಲಿಗೆ ಹೋಗುವಳು. ಅಪ್ಪ ಅಮ್ಮ ಹೋದ ಮೇಲೂ ಬರುವುದು ನಿಂತಿರಲಿಲ್ಲ. ಅವಳ ಮೊಣಕಾಲು ಹಿಡಿದುಕೊಂಡ ಮೇಲೆ ನಿಂತಿತು. ಮೂರು ವರ್ಷ ಕರೆದೆ, ಮೂರು ವರ್ಷವೂ ಏನಾದರೊಂದು ಹೇಳಿದಳು. ಹಸು ಕರು ಹಾಕುತ್ತದೆ, ಮೊಮ್ಮಗಳಿಗೆ ಪರೀಕ್ಷೆ, ಹೀಗೆ. ಕೊನೆಗೆ ನಾನು ಫೋನಿನಲ್ಲಿ ಬೈದಾಗ ನಿಜ ಹೇಳಿದಳು.

"ನಾನ್ ಬಂದು ಏನ್ ಮಾಡ್ಲಲಾ? ಒಲೆ ಮುಂದೆ ಕೂತ್ರೆ ಏಳಕ್ಕಾಗಲ್ಲ. ಸುಮ್ನೆ ಕೂತ್ಕಂಡು ತಿನ್ನಾಕೆ ಅಷ್ಟು ದೂರ ಬರ್ಬೇಕಾ?"

ನನಗೆ ಹೊಳೆದದ್ದು ಆಗ. ಒಲೆ ನೆಲದಲ್ಲಿದೆ, ಅಕ್ಕನಿಗೆ ಬಗ್ಗುವುದಕ್ಕಾಗುವುದಿಲ್ಲ. ಒಲೆಯನ್ನೇ ಮೇಲೆತ್ತಿದರೆ ಅಕ್ಕ ಬರುತ್ತಾಳೆ. ಇದಕ್ಕಿಂತ ಸುಲಭದ ಲೆಕ್ಕ ಉಂಟೇ? ಜೊತೆಗೆ ತೊಟ್ಟಿಯೂ ಪಾಚಿಗಟ್ಟಿ, ಒಂದು ಮೂಲೆಯಲ್ಲಿ ಸೋರಿ, ಕಪ್ಪೆಗಳ ಪಾಲಾಗಿತ್ತು. ನಮ್ಮ ವಂಶದವರು ಒಬ್ಬರನ್ನೊಬ್ಬರು ನೋಡುವುದು ಕಲ್ಯಾಣಮಂಟಪದಲ್ಲಿ ಮಾತ್ರ ಎಂಬಂತಾಗಿತ್ತು. ತೊಟ್ಟಿ ಚೆಂದ ಮಾಡಿದರೆ ಮಕ್ಕಳು ಬರುತ್ತವೆ, ಮಕ್ಕಳ ಹಿಂದೆ ಅವರ ಅಪ್ಪ ಅಮ್ಮ ಬರುತ್ತಾರೆ, ಒಲೆ ಎತ್ತರಿಸಿದರೆ ಅಕ್ಕ ಬರುತ್ತಾಳೆ. ನಾನು ಅಂದೇ ಡ್ರಾಯಿಂಗ್ ಶೀಟು ಬಿಚ್ಚಿದೆ.

ನಾಲ್ಕು ದಿನ ಕೂತು ಬರೆದೆ. ತೊಟ್ಟಿಗೆ ನೀಲಿ, ಮೆಟ್ಟಿಲಿಗೆ ತಿಳಿನೀಲಿ, ಅಡುಗೆ ಕಟ್ಟೆಗೆ ಕರಿ ಗ್ರಾನೈಟು, ಮೇಲೆ ಶೀಟಿನ ಮಾಡು, ಪಕ್ಕದಲ್ಲಿ ಹೊಂಗೆ ಮರ. ಮರದ ಮೇಲೆ ಎರಡು ಹಕ್ಕಿಯನ್ನೂ ಕೂರಿಸಿದೆ. ಕಮಲ ಬಂದು ನೋಡಿ, "ಹಕ್ಕಿಗೆ ಕೂಲಿ ಎಷ್ಟಂತೆ?" ಎಂದಳು. ಆಮೇಲೆ, "ಅತ್ತಿಗೇನ ಒಂದ್ ಮಾತು ಕೇಳ್ರೀ" ಎಂದಳು. ಹೇಳಿಬಿಟ್ಟರೆ ಅಚ್ಚರಿ ಎಲ್ಲಿರುತ್ತದೆ ಎಂದು ನಾನು ಅವಳ ಬಾಯಿ ಮುಚ್ಚಿಸಿದೆ.

ಆಂಡರ್ಸನ್‌ಪೇಟೆಯಿಂದ ಬಂದ ಗಾರೆ ಮೇಸ್ತ್ರಿ ಸೆಲ್ವರಾಜ ನನ್ನ ಹಳೆಯ ಶಿಷ್ಯ. ಡ್ರಾಯಿಂಗಿನಲ್ಲಿ ನಾನೇ ಅವನನ್ನು ಎರಡು ಸಲ ಫೇಲು ಮಾಡಿದ್ದೆ. ಅವನು ಶೀಟನ್ನು ಎರಡು ಕೈಯಲ್ಲಿ ಹಿಡಿದು ಭಕ್ತಿಯಿಂದ ನೋಡಿದ.

"ಡ್ರಾಯಿಂಗ್ ಸೂಪರಾಗಿದೆ ಸಾರ್. ಕ್ಯಾಲೆಂಡರ್ ಮಾಡ್ಸಬಹುದು. ಆದ್ರೆ ಇಲ್ಲಿ ಅಡುಗೆ ಯಾರು ಸಾರ್ ಮಾಡೋದು?"

"ನಮ್ಮಕ್ಕ."

"ಅವ್ರನ್ನ ಒಂದ್ಸಲ ಕರ್ಕೊಂಡ್ ಬನ್ನಿ ಸಾರ್. ನಮ್ಮ ಅಮ್ಮಂಗೆ ಒಲೆ ಹಾಕ್ದಾಗ ನಾನು ಅಮ್ಮನ್ನ ಕೂರ್ಸಿ, ಕೈ ಎಲ್ಲಿಗೆ ಬರುತ್ತೆ ನೋಡಿನೇ ಕಲ್ಲು ಇಟ್ಟಿದ್ದು."

"ಅಡುಗೆ ಕಟ್ಟೆ ಎಲ್ಲ ಕಡೆಯೂ ಎರಡು ಮುಕ್ಕಾಲು ಅಡಿ ಇರುತ್ತಪ್ಪ. ಅದಕ್ಕೊಂದು ಅಳತೆ ಅಂತ ಇದೆ" ಎಂದೆ.

"ಸರಿ ಸಾರ್" ಎಂದ. ನಾನು ಅವನಿಗೆ ಮೇಷ್ಟ್ರಲ್ಲವೇ? ಹಳೆಯ ಒಲೆಯ ಮೂರು ಕಲ್ಲುಗಳನ್ನು ಏನು ಮಾಡಲಿ ಎಂದು ಕೇಳಿದಾಗ, ತೊಟ್ಟಿಯ ಮೆಟ್ಟಿಲಿನ ಒಳಗೆ ತುಂಬಿಬಿಡು ಎಂದೆ. ಹೊಗೆ ಹಿಡಿದು ಎಣ್ಣೆ ಕುಡಿದು ಕರ್ರಗೆ ಹೊಳೆಯುತ್ತಿದ್ದ ಕಲ್ಲುಗಳು. ಅವನು ಒಂದೊಂದನ್ನೂ ನೀರಿನಲ್ಲಿ ತೊಳೆದು, ಕಣ್ಣಿಗೊತ್ತಿಕೊಂಡು ಒಳಗಿಟ್ಟ. ಅದನ್ನು ನೋಡಿ ನನಗೆ ನಗು ಬಂದಿತ್ತು.

ಹೋದ ವರ್ಷ ಬೇಸಿಗೆಯಲ್ಲಿ ಒಂದು ಭಾನುವಾರ ಎಲ್ಲರನ್ನೂ ಕರೆದೆ. ನಲವತ್ತು ಜನ. ಮಕ್ಕಳು ತೊಟ್ಟಿಗೆ ಸ್ವಿಮ್ಮಿಂಗ್ ಪೂಲ್ ಎಂದು ಹೆಸರಿಟ್ಟು, ಗೇಟಿನಿಂದಲೇ ಚಪ್ಪಲಿ ಬಿಸಾಡಿ ಓಡಿದವು. ಅಕ್ಕ ತನ್ನ ಮಗಳು ಮಂಜುಳನ ಕೈಹಿಡಿದು ಆಟೋದಿಂದ ಇಳಿದಳು. ಮೂರು ವರ್ಷದಲ್ಲಿ ಅರ್ಧಕ್ಕರ್ಧ ಸೊರಗಿದ್ದಳು. ಹಬ್ಬದ ಸೀರೆ ಉಟ್ಟಿದ್ದಳು. ನಾನು ಅವಳ ಚೀಲ ಕಿತ್ತುಕೊಂಡು, ನೇರ ಹಿತ್ತಿಲಿಗೆ ಕರೆದೊಯ್ದು ಕಟ್ಟೆಯ ಮುಂದೆ ನಿಲ್ಲಿಸಿದೆ. ಅಕ್ಕ ಗ್ರಾನೈಟನ್ನು ಅಂಗೈಯಲ್ಲಿ ಸವರಿದಳು. ಆಮೇಲೆ ಹೊಂಗೆಯ ಬುಡದ ಕಡೆ ನೋಡಿದಳು.

"ಕಲ್ಲು ಎಲ್ಲಿಗ್ ಓದ್ವು?"

"ತೊಟ್ಟಿ ಮೆಟ್ಟಿಲೊಳಗೆ ತುಂಬಿದ್ವಿ ಅಕ್ಕ."

"ಅಂಗಾದ್ರೆ ಮಕ್ಳು ಒಲೆ ಮೇಲೇ ಕುಣೀತಾವೆ ಬುಡು" ಎಂದು ನಕ್ಕಳು. ನಾನೂ ನಕ್ಕೆ.

ಸಾರಿನವರೆಗೆ ಎಲ್ಲ ಚೆನ್ನಾಗಿತ್ತು. ಹಿಟ್ಟಿನ, ಅಂದರೆ ಮುದ್ದೆಯ, ಹೊತ್ತಿಗೆ ನನ್ನ ವಿದ್ಯೆ ಬಯಲಾಯಿತು. ನಲವತ್ತು ಜನರ ರಾಗಿ ಹಿಟ್ಟನ್ನು ತಿರುವುವುದು ಬರೀ ತೋಳಿನ ಕೆಲಸವಲ್ಲ. ಮಡಕೆಯ ಕಂಠಕ್ಕೆ ಕವೆಗೋಲು ಸಿಕ್ಕಿಸಿ, ಅದರ ಎರಡು ತುದಿಯನ್ನೂ ಪಾದದಲ್ಲಿ ಒತ್ತಿ ಹಿಡಿದು, ಕೂತು, ಮೈಭಾರವನ್ನೆಲ್ಲ ಹಿಟ್ಟಿನ ಕೋಲಿನ ಮೇಲೆ ಹಾಕಿ ತಿರುವಬೇಕು. ಹುಟ್ಟಿದಾಗಿನಿಂದ ನೋಡಿದ್ದೇನೆ. ನೋಡಿಯೂ, ನಿಂತವರ ಪಾದ ಎರಡು ಮುಕ್ಕಾಲು ಅಡಿ ಎತ್ತರದ ಮಡಕೆಗೆ ಹೇಗೆ ಎಟುಕುತ್ತದೆ ಎಂಬುದು ನನ್ನ ತಲೆಗೆ ಬಂದಿರಲಿಲ್ಲ. ಅಕ್ಕ ನಿಂತುಕೊಂಡು ಕೋಲು ಹಾಕಿದಳು. ಕೋಲಿನ ಜೊತೆ ಮಡಕೆಯೂ ತಿರುಗಿತು. ಇಬ್ಬರು ಗಂಡಸರು ಬಂದು ಬಟ್ಟೆ ಸುತ್ತಿ ಮಡಕೆ ಹಿಡಿದರು. ಅಕ್ಕನ ಕಾಲು ನಡುಗುವುದು ಸೀರೆಯ ನೆರಿಗೆಯಲ್ಲಿ ಕಾಣಿಸುತ್ತಿತ್ತು. ಮಂಜುಳ ಪ್ಲಾಸ್ಟಿಕ್ ಕುರ್ಚಿ ತಂದಳು. ಕೂತರೆ ಅಕ್ಕನ ಗಲ್ಲ ಕಟ್ಟೆಯ ಅಂಚಿಗೆ ಬಂತು, ಮಡಕೆಯೊಳಗೆ ಏನಿದೆ ಎಂದು ಕಾಣುವುದಿಲ್ಲ. ಕಮಲ ಮತ್ತು ಇಬ್ಬರು ಸೊಸೆಯರು ಮಡಕೆಯನ್ನು ಇಳಿಸಿ, ನೆಲದ ಮೇಲೆ ಕೂತು ತಿರುವಿದರು. ಕರಿ ಗ್ರಾನೈಟಿನ ಮೇಲೆ ನೀರಿನ ಚೊಂಬು ಮಾತ್ರ ಉಳಿಯಿತು.

ಕುರ್ಚಿಯನ್ನು ಹೊಂಗೆಯ ನೆರಳಿಗೆ ತಂದು ಹಾಕಿದೆವು. ಅಕ್ಕ ಮೊದಲ ಸಲ ನಮ್ಮೆಲ್ಲರ ಕಡೆ ಮುಖ ಮಾಡಿ ಕೂತಿದ್ದಳು. ಅವಳಿಗೇ ಮೊದಲು ಬಡಿಸಿದೆವು. "ನೀವೆಲ್ಲ ತಿನ್ನಿ ಮೊದ್ಲು" ಎಂದು ತಟ್ಟೆಯನ್ನು ತೊಡೆಯ ಮೇಲೆ ಹಾಗೇ ಇಟ್ಟುಕೊಂಡಳು. ಕೈ ಎಲ್ಲಿಡಬೇಕೆಂದು ತಿಳಿಯದವಳ ಹಾಗೆ ಸೆರಗಿನ ಅಂಚನ್ನು ಮಡಿಸುವುದು, ಬಿಚ್ಚುವುದು ಮಾಡುತ್ತಿದ್ದಳು. ನಾನು ಪಕ್ಕದಲ್ಲಿ ಹೋಗಿ ಕೂತೆ.

"ನನ್ನ ನೆಂಟರೋಳ್ನ ಮಾಡ್ಬುಟ್ಟೆ ಕಣ್ಲಾ ಸೀನ" ಎಂದಳು. ದನಿಯಲ್ಲಿ ಕೋಪ ಇರಲಿಲ್ಲ.

"ನಿನಗೆ ಕೂರಕ್ಕಾಗಲ್ಲ ಅಂದ್ಯಲ್ಲ ಅಕ್ಕ, ಅದಕ್ಕೇ ನಾನು..."

"ಕೂರಕ್ಕಾಗಲ್ಲ ಅಂದ್ನಾ? ಏಳಕ್ಕಾಗಲ್ಲ ಅಂದೆ. ಎತ್ತರದ್ ಮಣೆ ಒಂದು ಆಕಿ, ಒಲೆ ಒಂದು ಮೊಳ ಎತ್ತಿದ್ರೆ ಸಾಕಾಗಿತ್ತು. ಕಾಲು ನೀಡ್ಕಂಡು ಮಾಡ್ತಿದ್ದೆ. ಏಳುವಾಗ ನೀನು ಕೈ ಕೊಡ್ತಿದ್ದೆ."

ಇಷ್ಟೇ. ಒಂದು ಮಣೆ, ಒಂದು ಮೊಳ, ಏಳುವಾಗ ಒಂದು ಕೈ. ನನ್ನ ಮುಖ ನೋಡಿ ಅವಳಿಗೇ ಪಾಪ ಅನ್ನಿಸಿರಬೇಕು. ಊಟವಾದ ಮೇಲೆ ಮಕ್ಕಳು ಕೂಗಿ ಕರೆದಾಗ ಎದ್ದು, ನನ್ನ ಭುಜ ಹಿಡಿದು ತೊಟ್ಟಿಯ ಮೆಟ್ಟಿಲಿಗೆ ಬಂದು ಕೂತಳು. ಸೀರೆಯನ್ನು ಮೊಣಕಾಲಿನವರೆಗೆ ಎತ್ತಿ ನೀರಿಗೆ ಕಾಲು ಬಿಟ್ಟಳು. ಮಗು ಒಂದು ನೀರೆರಚಿದರೆ ಮುಖ ಒರೆಸಿಕೊಳ್ಳಲೂ ಇಲ್ಲ. "ತಣ್ಣಗೈತೆ ಕಣ್ಲಾ" ಎಂದಳು. ಅಷ್ಟು ವರ್ಷ ಆ ತೊಟ್ಟಿಯ ನೀರು ಹೊತ್ತವಳು, ಅದರಲ್ಲಿ ಬಟ್ಟೆ ಒಗೆದವಳು, ನನ್ನನ್ನು ತೇಲಿಸಿದವಳು ಒಂದು ದಿನವೂ ಅದಕ್ಕೆ ಇಳಿದಿರಲಿಲ್ಲ ಎಂಬುದು ನನಗೆ ಹೊಳೆದದ್ದು ಅಂದು. ನೀನೂ ಇಳಿ ಎಂದು ನಾವು ಯಾರೂ ಹೇಳಿರಲಿಲ್ಲ.

ಹೊರಡುವಾಗ ಮಾತು ಕೊಟ್ಟೆ. ಗೌರಿ ಹಬ್ಬದೊಳಗೆ ಕಟ್ಟೆ ಇಳಿಸುತ್ತೇನೆ, ನೀನು ಬರಬೇಕು. "ಬತ್ತೀನಿ ಬುಡು, ಇಟ್ಟಿನ ಕೋಲು ನಾನೇ ತತ್ತೀನಿ" ಎಂದಳು.

ಸೆಲ್ವರಾಜನಿಗೆ ಒಂದು ಫೋನು ಮಾಡಿ, ಅಪ್ಪಾ ಒಡೆದು ಮೊಳದೆತ್ತರ ಕಟ್ಟು ಎಂದಿದ್ದರೆ ಎರಡು ದಿನದ ಕೆಲಸ. ನಾನೇನು ಮಾಡಿದೆ ಗೊತ್ತೇ? ಮತ್ತೆ ಡ್ರಾಯಿಂಗ್ ಶೀಟು ಬಿಚ್ಚಿದೆ. ಈ ಸಲ ತಪ್ಪಾಗಬಾರದು ಎಂದು ಮೂರು ನಕ್ಷೆ ಬರೆದೆ. ಮಣೆಗೆ ಬೇರೆ ನಕ್ಷೆ. ಕೂರುವ ಭಂಗಿ ತೋರಿಸಲು ಒಂದು ಹೆಂಗಸಿನ ಚಿತ್ರ ಬರೆಯಲು ಹೋಗಿ, ಕಾಲು ಸರಿ ಬರಲಿಲ್ಲ ಎಂದು ನಾಲ್ಕು ಸಲ ಅಳಿಸಿದೆ. ಹೀಗೆ ಅಳಿಸಿ ಬರೆಯುತ್ತಾ ಆಷಾಢ ಬಂತು. ಒಂದು ಬೆಳಿಗ್ಗೆ ಅಕ್ಕ ಡೇರಿಗೆ ಹಾಲು ಹಾಕಿ ಬಂದು, ಜಗುಲಿಯ ಮೇಲೆ ಕೂತು, ಖಾಲಿ ಕ್ಯಾನನ್ನು ಪಕ್ಕಕ್ಕಿಟ್ಟು ಗೋಡೆಗೆ ಒರಗಿದಳಂತೆ. ಮಂಜುಳ ಕಾಫಿ ತಂದಾಗ ಅಕ್ಕನಲ್ಲಿ ಉಸಿರಿರಲಿಲ್ಲ.

ತಿಂಗಳ ನಂತರ ಸೆಲ್ವರಾಜ ತಾನೇ ಬಂದ. ವಿಷಯ ಅವನಿಗೆ ಗೊತ್ತಿತ್ತು. ಕಟ್ಟೆಯ ಹತ್ತಿರ ನಿಂತು, "ಇಳಿಸೋದಾ ಸಾರ್, ಬೇಡ್ವಾ?" ಎಂದು ಕೇಳಿದ. ಕಮಲ ಹೇಳಿದಳು, "ಇಳಿಸಪ್ಪ." ನಾನು ನಕ್ಷೆ ತರಲು ಒಳಗೆ ಹೋಗಿ ಬರುವಷ್ಟರಲ್ಲಿ ಅವನು ಅವಳನ್ನು ಕುಕ್ಕುರುಗಾಲಿನಲ್ಲಿ ಕೂರಿಸಿ, ಮೊಣಕೈ ಎಲ್ಲಿಗೆ ಬರುತ್ತದೆ ಎಂದು ಕಟ್ಟೆಯ ಗೋಡೆಯ ಮೇಲೆ ಇದ್ದಿಲಿನಲ್ಲಿ ಗೀಟು ಎಳೆದಿದ್ದ. ನಕ್ಷೆಯನ್ನು ಹಾಗೇ ಮಡಚಿ ಜೇಬಿಗಿಟ್ಟುಕೊಂಡೆ.

ನಮ್ಮ ಕಡೆ ಪಿತೃಪಕ್ಷದಲ್ಲಿ ಹೋದವರಿಗೆ ಎಡೆ ಇಡುತ್ತಾರೆ. ಅವರವರು ಬದುಕಿದ್ದಾಗ ಏನು ಇಷ್ಟಪಟ್ಟು ತಿನ್ನುತ್ತಿದ್ದರೋ ಅದನ್ನೇ ಮಾಡಿ ಎಲೆಗೆ ಬಡಿಸಬೇಕು. ಅಪ್ಪನಿಗೆ ತಲೆಮಾಂಸ, ಒಂದು ಕಟ್ಟು ಬೀಡಿ. ಅಮ್ಮನಿಗೆ ಒಬ್ಬಟ್ಟು. ಚಿಕ್ಕಪ್ಪನಿಗೆ ಏನಿಡುತ್ತೇವೆ ಎಂದು ಬರೆಯುವುದಿಲ್ಲ, ಅವರ ಎಲೆಯ ಪಕ್ಕದಲ್ಲಿ ಒಂದು ಗ್ಲಾಸು ಇರುತ್ತದೆ ಎಂದರೆ ಸಾಕು. ವರ್ಷ ತುಂಬದೆ ಹೊಸಬರನ್ನು ಹಿರಿಯರ ಜೊತೆ ಸೇರಿಸುವುದಿಲ್ಲ, ಹಾಗಾಗಿ ಅಕ್ಕನಿಗೆ ಈ ವರ್ಷದ್ದೇ ಮೊದಲ ಎಡೆ. ಕೊಟ್ಟ ಹೆಣ್ಣಿಗೆ ಎಡೆ ಇಡುವ ಹಕ್ಕು ಗಂಡನ ಮನೆಯದು. ತವರಿನಲ್ಲಿ ನಾವು ಅವಳ ಹೆಸರಿನಲ್ಲಿ ಒಂದು ಎಲೆಯನ್ನೂ ಹಾಕುವಂತಿಲ್ಲ. ಮೊಳದೆತ್ತರದ ಒಲೆ ಸಿದ್ಧವಾಗಿತ್ತು, ಅದರ ಮೇಲೆ ಅಕ್ಕನಿಗೆಂದು ಏನನ್ನೂ ಬೇಯಿಸಲು ನನಗೆ ಅಧಿಕಾರವಿರಲಿಲ್ಲ.

ಎಡೆಯ ಹಿಂದಿನ ದಿನ ಮಂಜುಳ ಫೋನು ಮಾಡಿದಳು.

"ಮಾಮ, ಅಮ್ಮಂಗೆ ಏನ್ ಇಷ್ಟ?"

"ನಿಮ್ಮಪ್ಪನ್ನ ಕೇಳಮ್ಮ."

"ಕೇಳ್ದೆ. ಕೋಳಿ ಕತ್ತು ಅಂದ್ರು. ಅಮ್ಮಾನೇ ಹೇಳ್ತಿದ್ಳಂತೆ, ನಂಗೆ ಕತ್ತೇ ಇಷ್ಟ, ಬ್ಯಾರೆ ತುಂಡು ನೀವ್ ತಿನ್ನಿ ಅಂತ. ನನ್ ಹತ್ರ ಆರಿದ ಇಟ್ಟೇ ಇಷ್ಟ ಅಂತಿದ್ಳು. ನೀವು ಒಡಹುಟ್ಟಿದೋರು, ನಿಮಗೆ ಸರಿಯಾಗಿ ಗೊತ್ತಿರ್ತದೆ."

ನನಗೆ ಗೊತ್ತಿತ್ತು. ಥಟ್ಟನೆ ಹೇಳಿದೆ. "ಸೀಕಲು ಮಂಜು. ಹಿಟ್ಟಿನ ಮಡಕೆ ತಳದಲ್ಲಿ ಹತ್ತಿರುತ್ತಲ್ಲ, ಅದನ್ನ ಕೆರೆದು ತಿನ್ನೋಳು. ನಂಗಿದೇ ಇಷ್ಟ ಕಣ್ಲಾ ಅನ್ನೋಳು."

ಹೇಳಿ ಮುಗಿಸಿದ ಮೇಲೆ ನನ್ನ ಮಾತು ನನಗೇ ಕೇಳಿಸಿತು. ಮಂಜುಳ ಮೆಲ್ಲಗೆ, "ಎಲ್ಲಾ ಮಿಕ್ಕಿದ್ದೇ ಅಲ್ವಾ ಮಾಮ" ಎಂದಳು. ಎಪ್ಪತ್ತು ವರ್ಷ ಬದುಕಿದ ಹೆಂಗಸಿಗೆ ಏನಿಷ್ಟ ಎಂದು ಗಂಡನಿಗೆ ಗೊತ್ತಿಲ್ಲ, ಮಗಳಿಗೆ ಗೊತ್ತಿಲ್ಲ, ಒಡಹುಟ್ಟಿದ ನನಗೂ ಗೊತ್ತಿಲ್ಲ. ಫೋನು ಇಟ್ಟು ಅತ್ತುಬಿಟ್ಟೆ. ಕಮಲ ಏನಾಯಿತೆಂದು ಕೇಳಿದಾಗ, ಮೊದಲು ನಿನಗೆ ಏನಿಷ್ಟ ಹೇಳು ಎಂದೆ. ಅವಳು ನನ್ನನ್ನು ನೋಡಿ, "ಈಗ ಯಾಕೆ?" ಎಂದಳು.

ಮಾರನೆಯ ದಿನ ಇಬ್ಬರೂ ಕಾಮಸಮುದ್ರಕ್ಕೆ ಹೋದೆವು. ಮಂಜುಳ ಬೆಳಗಿನಿಂದ ಒಬ್ಬಳೇ ಅಡುಗೆ ಮಾಡಿದ್ದಳು. ಏನಿಷ್ಟವೋ ತಿಳಿಯದೆ ಎಲ್ಲವನ್ನೂ ಮಾಡಿದ್ದಳು. ಎಲೆಯ ತುಂಬ ಕೋಳಿಯ ಒಳ್ಳೆಯ ತುಂಡುಗಳು, ಆಗಷ್ಟೇ ಮಡಕೆಯಿಂದ ತೆಗೆದ ಹೊಗೆಯಾಡುವ ಮುದ್ದೆ, ಅದರ ಮೇಲೆ ತುಪ್ಪ, ವಡೆ, ಪಾಯಸ. ಫೋಟೋದಲ್ಲಿ ಅಕ್ಕ ನೇರವಾಗಿ ನಮ್ಮನ್ನು ನೋಡುತ್ತಿದ್ದಳು. ಕರ್ಪೂರ ಹಚ್ಚಿ ಕೈಮುಗಿದೆವು.

ಎಡೆ ಇಟ್ಟ ಮೇಲೆ ಎಲ್ಲರೂ ಹೊರಗೆ ಬಂದು ಬಾಗಿಲು ಮುಚ್ಚಬೇಕು. ಹೋದವರು ಬಂದು ಉಣ್ಣುವವರೆಗೆ ಮನೆಯವರು ಒಳಗಿರಬಾರದು, ತಿನ್ನಬಾರದು. ಸಾಮಾನ್ಯವಾಗಿ ಐದು ನಿಮಿಷ ಬಿಟ್ಟು, ಬಾಗಿಲು ತಟ್ಟಿ ಒಳಗೆ ಹೋಗುತ್ತಾರೆ. ನಾವು ಜಗುಲಿಯ ಮೇಲೆ ಕೂತೆವು. ಐದು ನಿಮಿಷವಾಯಿತು, ಹತ್ತಾಯಿತು. ಮಕ್ಕಳು ಹಸಿವು ಎಂದು ಗೊಣಗಲು ಶುರುಮಾಡಿದವು. ಮಂಜುಳ ಎದ್ದು ಬಾಗಿಲ ಹತ್ತಿರ ಹೋಗಿ, ತಟ್ಟಲು ಕೈ ಎತ್ತಿದಳು.

ಕಂಬಕ್ಕೆ ಒರಗಿದ್ದ ಭಾವ ತಲೆ ಎತ್ತಲಿಲ್ಲ. ನೆಲ ನೋಡುತ್ತಲೇ ಹೇಳಿದರು.

"ತಾಳಮ್ಮ. ತೆಗೀಬ್ಯಾಡ. ಇವತ್ತೊಂದಿನ ಅವ್ಳು ನಿಧಾನಕ್ಕೆ ತಿನ್ಲಿ."

ಮಂಜುಳ ಕೈ ಇಳಿಸಿ ಬಂದು ಕೂತಳು. ಅಕ್ಕನ ಊಟ ಮುಗಿಯಲಿ ಎಂದು ನಾವೆಲ್ಲ ಹಸಿದುಕೊಂಡು ಕಾದೆವು.